"ನಾವು ಎಲ್ಲಿಂದಲೂ ಬರಲಿಲ್ಲ" ಅಂದರು: ಅಮೆರಿಕದ ಲ್ಯಾಟಿನೊ ಜನರ ಚರಿತ್ರೆಯನ್ನು ಎಲ್ಲಿಂದ ಓದಲು ಶುರು ಮಾಡಬೇಕು?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಗೆ ಬಂದು ಎರಡು ವರ್ಷ ಆಯಿತು. ಜೊತೆಗೆ ಕೆಲಸ ಮಾಡುವವರಲ್ಲಿ ಅರ್ಧಕ್ಕರ್ಧ ಜನರ ಮನೆತನದ ಹೆಸರು ಸ್ಪ್ಯಾನಿಷ್. ಹೋದ ವಾರ ಊಟಕ್ಕೆ ಕೂತಾಗ ಒಬ್ಬ ಹಿರಿಯರನ್ನು, "ನಿಮ್ಮ ಮನೆಯವರು ಮೆಕ್ಸಿಕೊದಿಂದ ಯಾವಾಗ ಬಂದಿದ್ದು?" ಅಂತ ಕೇಳಿದೆ. ಮಾತು ಬೆಳೆಸೋಣ ಅಂತ ಕೇಳಿದ್ದು, ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಎಲ್ಲಿಂದಲೂ ಬರಲಿಲ್ಲ. ಇಲ್ಲೇ ಇದ್ದೆವು. ಗಡಿಯೇ ನಮ್ಮನ್ನು ದಾಟಿಕೊಂಡು ಹೋಯಿತು" ಅಂದರು.

ಪಕ್ಕದಲ್ಲಿದ್ದವರ ಅಪ್ಪ ಅಮ್ಮ ಪೋರ್ಟೊ ರಿಕೊ ದ್ವೀಪದವರು. "ನಾನು ಹುಟ್ಟಿದಾಗಿನಿಂದ ಅಮೆರಿಕದ ಪ್ರಜೆ, ನಮ್ಮಜ್ಜಿಯೂ ಪ್ರಜೆ, ಆದ್ರೂ ನಮ್ಮ ಹತ್ತಿರ ವೀಸಾ ಕೇಳುವವರು ಇದ್ದಾರೆ" ಅಂದರು. ಮೂರನೆಯವರು ಎಲ್ ಸಾಲ್ವಡಾರ್ ಕಡೆಯವರು. ಅವರು ಏನೂ ಹೇಳಲಿಲ್ಲ. ಊಟ ಮುಗಿಸಿ ಎದ್ದು ಹೋದರು.

ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಈ ಮೂವರನ್ನೂ ಫಾರಂಗಳಲ್ಲಿ ಒಂದೇ ಕಾಲಂಗೆ ಹಾಕುತ್ತಾರೆ. ಹಿಸ್ಪ್ಯಾನಿಕ್ ಅಂತಾರೆ, ಲ್ಯಾಟಿನೊ ಅಂತಾರೆ, ಈಚೆಗೆ ಲ್ಯಾಟಿನ್ಎಕ್ಸ್ ಅಂತಲೂ ಕೇಳುತ್ತೇನೆ. ಮೂವರ ಕತೆ ಒಂದೇನಾ? ನಾನು ಟಿವಿಯಲ್ಲಿ ನೋಡುವುದು ಗಡಿಗೋಡೆ, ಮುಳ್ಳುತಂತಿ, ನದಿ ದಾಟುವ ಜನ, ಅಷ್ಟೇ. ಅದಕ್ಕಿಂತ ಹಿಂದಿನದು ಗೊತ್ತಿರುವವರು ದಯವಿಟ್ಟು ಹೇಳಿ. ಉದ್ದ ಆದರೂ ಪರವಾಗಿಲ್ಲ, ಓದುತ್ತೇನೆ.

ಹಳೆನಕ್ಷೆ

ಹೊಂಗೆನೆರಳು ಅವರೇ, ಆ ಹಿರಿಯರು ಹೇಳಿದ್ದು ಅಕ್ಷರಶಃ ನಿಜ. ನೀವಿರುವ ಜಾಗದ ಕತೆಯನ್ನೇ ಮೊದಲು ಹೇಳುತ್ತೇನೆ.

ನಿಮ್ಮಿಂದ ಒಂದು ಗಂಟೆ ದಾರಿಯಲ್ಲಿರುವ ಸಾಂತಾ ಫೆ ಊರನ್ನು ಸ್ಪೇನಿನವರು 1610ರ ಹೊತ್ತಿಗೆ ಕಟ್ಟಿದರು. ಇಂಗ್ಲೆಂಡಿನಿಂದ ನೆಲೆಸಲು ಬಂದವರ ಮೇಫ್ಲವರ್ ಹಡಗು ಪೂರ್ವ ಕರಾವಳಿ ಮುಟ್ಟಿದ್ದು 1620ರಲ್ಲಿ. ಅಂದರೆ ಇಂಗ್ಲಿಷ್ ಮಾತಾಡುವವರು ಈ ಭಾಗಕ್ಕೆ ಬರುವ ಎಷ್ಟೋ ತಲೆಮಾರು ಮೊದಲೇ ಇಲ್ಲಿ ಸ್ಪ್ಯಾನಿಷ್ ಮಾತಾಡುವ ಊರುಗಳು, ಚರ್ಚುಗಳು, ಕಾಲುವೆಗಳು ಎಲ್ಲ ಇದ್ದವು. 1821ರಲ್ಲಿ ಮೆಕ್ಸಿಕೊ ಸ್ಪೇನಿನಿಂದ ಬಿಡಿಸಿಕೊಂಡಾಗ ಇದು ಮೆಕ್ಸಿಕೊಗೆ ಸೇರಿತು. 1846ರಲ್ಲಿ ಅಮೆರಿಕ ಯುದ್ಧ ಹೂಡಿತು. 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಇಡಾಲ್ಗೊ ಒಪ್ಪಂದ ಆಯಿತು. ಮೆಕ್ಸಿಕೊ ತನ್ನ ನೆಲದ ಸುಮಾರು ಅರ್ಧ ಭಾಗ ಕಳೆದುಕೊಂಡಿತು, ಟೆಕ್ಸಸ್ ಲೆಕ್ಕ ಸೇರಿಸಿದರೆ ಅರ್ಧಕ್ಕೂ ಜಾಸ್ತಿ. ಅಮೆರಿಕ ಕೊಟ್ಟಿದ್ದು ಒಂದೂವರೆ ಕೋಟಿ ಡಾಲರ್. ಈಗಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾ ಮತ್ತು ನ್ಯೂ ಮೆಕ್ಸಿಕೊದ ಬಹುಪಾಲು ಹಾಗೆ ಬಂದವು.

ಆ ನೆಲದ ಮೇಲೆ ಜನ ಇದ್ದರಲ್ಲ, ಅವರ ಗತಿ? ಒಂದು ವರ್ಷದೊಳಗೆ ಮೆಕ್ಸಿಕೊ ಪ್ರಜೆಯಾಗಿಯೇ ಉಳಿಯುತ್ತೇವೆ ಅಂತ ಹೇಳದಿದ್ದರೆ ಅವರು ಅಮೆರಿಕದ ಪ್ರಜೆಗಳು ಅಂತ ಒಪ್ಪಂದದಲ್ಲಿ ಬರೆದಿತ್ತು. ಅವರ ಆಸ್ತಿಗೆ ರಕ್ಷಣೆ ಇದೆ ಅಂತಲೂ ಬರೆದಿತ್ತು. ಆದರೆ ಸ್ಪೇನ್ ಮತ್ತು ಮೆಕ್ಸಿಕೊ ಸರ್ಕಾರಗಳು ಕೊಟ್ಟಿದ್ದ ಭೂಮಿ ದಾನಗಳನ್ನು ಹಾಗೇ ಒಪ್ಪಿಕೊಳ್ಳುವ ಹತ್ತನೇ ಕಲಮನ್ನು ಅಮೆರಿಕದ ಸೆನೆಟ್ ಒಪ್ಪಂದಕ್ಕೆ ಒಪ್ಪಿಗೆ ಕೊಡುವ ಮುಂಚೆಯೇ ಕಿತ್ತುಹಾಕಿತು. ಮುಂದಿನ ಐವತ್ತು ವರ್ಷದ ಸಂಕಟ ಆ ಒಂದು ಕಲಮಿನ ಜಾಗದಿಂದ ಹುಟ್ಟಿದ್ದು ಅಂತ ನನಗೆ ಅನಿಸುತ್ತದೆ.

ನ್ಯೂ ಮೆಕ್ಸಿಕೊದಲ್ಲಿ ಭೂಮಿ ದಾನ ಅಂದರೆ ಒಬ್ಬ ಜಮೀನ್ದಾರನಿಗೆ ಕೊಟ್ಟಿದ್ದು ಮಾತ್ರ ಅಲ್ಲ. ಬಹಳ ಕಡೆ ಒಂದು ಇಡೀ ಊರಿಗೆ ಕೊಡುತ್ತಿದ್ದರು. ಪ್ರತಿ ಮನೆಗೆ ಕಾಲುವೆ ಪಕ್ಕ ಒಂದು ತುಂಡು ಹೊಲ. ಉಳಿದ ಗುಡ್ಡ, ಕಾಡು, ಹುಲ್ಲುಗಾವಲು ಎಲ್ಲ ಊರೊಟ್ಟಿನದು. ಗೋಮಾಳ ಇದ್ದ ಹಾಗೆ ಅಂದುಕೊಳ್ಳಿ. ಕುರಿ ಮೇಯಿಸಲು, ಸೌದೆ ತರಲು, ಮನೆಗೆ ತೊಲೆ ಕಡಿಯಲು ಅದೇ ಆಧಾರ. ಅಮೆರಿಕದ ಕಾನೂನಿಗೆ ಇದು ಅರ್ಥವೇ ಆಗಲಿಲ್ಲ. ಯಾರ ಹೆಸರಲ್ಲಿದೆ, ಕಾಗದ ತೋರಿಸಿ ಅಂದಿತು. ಕಾಗದ ತೋರಿಸಲು ವಕೀಲರು ಬೇಕು, ವಕೀಲರಿಗೆ ಕೊಡಲು ದುಡ್ಡಿಲ್ಲ, ಹಾಗಾಗಿ ಭೂಮಿಯನ್ನೇ ಫೀಸಾಗಿ ಕೊಟ್ಟರು. ಸಾಂತಾ ಫೆಯ ಥಾಮಸ್ ಕ್ಯಾಟ್ರನ್ ಅನ್ನುವ ವಕೀಲ ಹೀಗೆ ದೇಶದಲ್ಲೇ ದೊಡ್ಡ ಭೂಮಾಲೀಕರಲ್ಲಿ ಒಬ್ಬನಾದ. ಮುಂದೆ ಸೆನೆಟರ್ ಕೂಡ ಆದ.

1897ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಪೆಟ್ಟು ಕೊಟ್ಟಿತು. ಸಾನ್ ಮಿಗೆಲ್ ದೆಲ್ ವಾಡೊ ಅನ್ನುವ ಊರಿನ ಮೊಕದ್ದಮೆ. ಊರೊಟ್ಟಿನ ನೆಲ ಊರಿನದಲ್ಲ, ಅದು ಮೊದಲು ಸ್ಪೇನಿನ ದೊರೆಯದು, ಆಮೇಲೆ ಮೆಕ್ಸಿಕೊದ್ದು, ಈಗ ಅಮೆರಿಕ ಸರ್ಕಾರದ್ದು ಅಂತ ತೀರ್ಪು. ಆ ಊರಿನವರು ಕೇಳಿದ್ದು 3 ಲಕ್ಷ ಎಕರೆಗೂ ಜಾಸ್ತಿ. ಕೊನೆಗೆ ಸಿಕ್ಕಿದ್ದು ಸುಮಾರು 5 ಸಾವಿರ ಎಕರೆ. ಹೀಗೆ ಕೈತಪ್ಪಿದ ಎಷ್ಟೋ ಊರುಗಳ ಗುಡ್ಡ ಕಾಡು ಇವತ್ತು ರಾಷ್ಟ್ರೀಯ ಅರಣ್ಯ ಅನ್ನುವ ಬೋರ್ಡಿನ ಹಿಂದೆ ಇದೆ. ನೀವು ವಾರದ ಕೊನೆಗೆ ನಡೆಯಲು ಹೋಗುವ ಜಾಗಗಳಲ್ಲಿ ಕೆಲವು ಅವೇ ಇರಬಹುದು.

ಜನ ಸುಮ್ಮನೆ ಕೂರಲಿಲ್ಲ ಅನ್ನುವುದೂ ಮುಖ್ಯ. 1889-90ರಲ್ಲಿ ಲಾಸ್ ಗೋರಾಸ್ ಬ್ಲಾಂಕಾಸ್, ಅಂದರೆ ಬಿಳಿ ಟೋಪಿಯವರು, ರಾತ್ರಿ ಕುದುರೆ ಏರಿ ಬಂದು ಊರೊಟ್ಟಿನ ನೆಲಕ್ಕೆ ಹಾಕಿದ್ದ ತಂತಿಬೇಲಿಗಳನ್ನು ಮೈಲುಗಟ್ಟಲೆ ಕತ್ತರಿಸುತ್ತಿದ್ದರು. 1967ರಲ್ಲೂ, ರೆಯೆಸ್ ಲೋಪೆಸ್ ತಿಖೆರಿನಾ ಜೊತೆಗಿದ್ದವರು ಇದೇ ಭೂಮಿಯ ಸಿಟ್ಟಿನಲ್ಲಿ ತಿಯೆರಾ ಅಮರಿಯಾ ಊರಿನ ಕೋರ್ಟಿಗೆ ನುಗ್ಗಿದರು. ನೂರಿಪ್ಪತ್ತು ವರ್ಷ ಆದರೂ ಮರೆತಿರಲಿಲ್ಲ. ನಿಮ್ಮ ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಮಾತಾಡಿದ್ದು ಯಾಕೆ ಅಂತ ಈಗ ನಿಮಗೂ ಗೊತ್ತಾಗಿರಬೇಕು.

ಕಡಲತಡಿ

ಮೇಲಿನವರು ಒಳ್ಳೆಯ ಶುರು ಮಾಡಿದ್ದಾರೆ. ಎರಡನೆಯ ಸಹೋದ್ಯೋಗಿಯ ಕತೆ ನಾನು ಹೇಳುತ್ತೇನೆ. ಪೋರ್ಟೊ ರಿಕೊ ಬಗ್ಗೆ ನಾನು ಕೆಲವು ವರ್ಷದಿಂದ ಓದುತ್ತಾ ಇದ್ದೇನೆ, ಓದಿದಷ್ಟೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ.

1898ರಲ್ಲಿ ಅಮೆರಿಕ ಸ್ಪೇನ್ ಮೇಲೆ ಯುದ್ಧ ಮಾಡಿತು. ಜುಲೈ 25ರಂದು ಸೈನ್ಯ ದ್ವೀಪದ ಗ್ವಾನಿಕಾ ಅನ್ನುವ ಊರಿನ ದಡದಲ್ಲಿ ಇಳಿಯಿತು. ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದ. ಪೋರ್ಟೊ ರಿಕೊ, ಗ್ವಾಮ್, ಫಿಲಿಪೀನ್ಸ್ ಮೂರೂ ಕೈ ಬದಲಾದವು. ಆ ಮೇಜಿನ ಸುತ್ತ ಪೋರ್ಟೊ ರಿಕೊದವರು ಒಬ್ಬರೂ ಇರಲಿಲ್ಲ.

ಆಮೇಲೆ ಪ್ರಶ್ನೆ ಬಂತು. ಈ ದ್ವೀಪ ಅಮೆರಿಕವೋ ಅಲ್ಲವೋ? ಅದು ತೀರ್ಮಾನ ಆಗಿದ್ದು ಕಿತ್ತಳೆ ಹಣ್ಣಿನ ಮೇಲೆ. ಪೋರ್ಟೊ ರಿಕೊದಿಂದ ನ್ಯೂಯಾರ್ಕಿಗೆ ಬಂದ ಕಿತ್ತಳೆಗೆ ಸುಂಕ ಹಾಕಿದರು, ವ್ಯಾಪಾರಿ ಕೋರ್ಟಿಗೆ ಹೋದ. 1901ರಲ್ಲಿ ಸುಪ್ರೀಂ ಕೋರ್ಟು ಸುಂಕ ಸರಿ ಅಂದಿತು. ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗ ಅಲ್ಲ, ಮನೆಯೊಳಗೇ ಇರುವ ಪರದೇಶ ಅನ್ನುವ ಅರ್ಥದ ಮಾತು ಆ ತೀರ್ಪಿನ ಒಂದು ಅಭಿಪ್ರಾಯದಲ್ಲಿದೆ. ಆ ತೀರ್ಪನ್ನು ಇವತ್ತಿನವರೆಗೂ ರದ್ದು ಮಾಡಿಲ್ಲ.

ಮುಂದಿನ ವರ್ಷ, 1902ರಲ್ಲಿ, ಇಸಬೆಲ್ ಗೊನ್ಸಾಲೆಸ್ ಅನ್ನುವ ಬಸುರಿ ಹೆಂಗಸು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಳು. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲಿಸ್ ದ್ವೀಪದಲ್ಲಿ ಅವಳನ್ನು ತಡೆದರು. ನೀನು ಪರದೇಶದವಳು, ಸರ್ಕಾರಕ್ಕೆ ಹೊರೆ ಆಗುತ್ತೀಯ ಅಂದರು. ಅವಳು ಬಿಡಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋದಳು. 1904ರ ತೀರ್ಪು ಏನು ಗೊತ್ತಾ? ಅವಳು ಪರದೇಶದವಳಲ್ಲ. ಸರಿ, ಹಾಗಾದರೆ ಪ್ರಜೆಯೋ? ಅದನ್ನು ಕೋರ್ಟು ಹೇಳಲೇ ಇಲ್ಲ. ನಿಮ್ಮ ಸಹೋದ್ಯೋಗಿ ಇವತ್ತು ಅನುಭವಿಸುತ್ತಿರುವುದು ಅವತ್ತು ಹೇಳದೇ ಬಿಟ್ಟ ಆ ಮಾತಿನ ಉಳಿಕೆ. ಪೌರತ್ವ ಕೊಟ್ಟಿದ್ದು 1917ರ ಮಾರ್ಚ್‌ನಲ್ಲಿ. ಒಂದು ತಿಂಗಳಿಗೆ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು.

ವಲಸೆ ಹೇಗೆ ಶುರುವಾಯಿತು ಅಂದರೆ, ಮೊದಲ ದೊಡ್ಡ ಗುಂಪು ಹೋಗಿದ್ದು ನ್ಯೂಯಾರ್ಕಿಗೆ ಅಲ್ಲ, ಹವಾಯಿಗೆ. 1899ರ ಆಗಸ್ಟ್‌ನಲ್ಲಿ ಸಾನ್ ಸಿರಿಯಾಕೊ ಅನ್ನುವ ಚಂಡಮಾರುತ ಕಾಫಿ ತೋಟಗಳನ್ನು ಮಲಗಿಸಿತು. ಕೆಲಸ ಇಲ್ಲದ ಕೂಲಿಗಳನ್ನು ಏಜೆಂಟರು 1900ರ ಕೊನೆಯಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಸಾಗಿಸಿದರು. ಒಂದೇ ವರ್ಷದಲ್ಲಿ ಸುಮಾರು ಐದು ಸಾವಿರ ಜನ. ಹಡಗು, ರೈಲು, ಮತ್ತೆ ಹಡಗು. ಇತ್ತ ದ್ವೀಪದಲ್ಲಿ ಅಮೆರಿಕದ ಕಂಪನಿಗಳು ಬಂದು ಕಬ್ಬು ಹಬ್ಬಿಸಿದವು. ಯಾವ ಕಂಪನಿಯೂ 500 ಎಕರೆಗಿಂತ ಜಾಸ್ತಿ ಇಟ್ಟುಕೊಳ್ಳಬಾರದು ಅಂತ ಕಾನೂನು ಇತ್ತು. ನಾಲ್ಕು ದಶಕ ಅದನ್ನು ಯಾರೂ ಜಾರಿ ಮಾಡಲಿಲ್ಲ.

1940ರ ದಶಕದ ಕೊನೆಗೆ ಕಾರ್ಖಾನೆಗಳ ಯೋಜನೆ ಬಂತು. ತೆರಿಗೆ ಇಲ್ಲ, ಬನ್ನಿ ಅಂತ ಕಂಪನಿಗಳನ್ನು ಕರೆದರು. ಕಾರ್ಖಾನೆ ಬಂದವು ನಿಜ, ಆದರೆ ಹೊಲದ ಕೆಲಸ ಕಳೆದುಕೊಂಡವರಿಗೆಲ್ಲ ಅಲ್ಲಿ ಜಾಗ ಇರಲಿಲ್ಲ. ಮಿಕ್ಕ ಜನ ಹೊರಗೆ ಹೋಗುವುದು ಯೋಜನೆಯ ಭಾಗವೇ ಆಗಿತ್ತು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. 1950ರ ದಶಕ ಒಂದರಲ್ಲೇ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ದ್ವೀಪ ಬಿಟ್ಟರು. ಆಗ ಅಲ್ಲಿದ್ದ ಒಟ್ಟು ಜನವೇ ಸುಮಾರು 22 ಲಕ್ಷ. ಸಾನ್ ಹ್ವಾನ್‌ನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಬಂದರು. ವಿಮಾನದಲ್ಲಿ ಈ ಪ್ರಮಾಣದಲ್ಲಿ ವಲಸೆ ಬಂದ ಮೊದಲ ಜನ ಇವರೇ ಅಂತ ಹೇಳುತ್ತಾರೆ. ಬಂದು ಸಿಕ್ಕಿದ್ದು ಬಟ್ಟೆ ಕಾರ್ಖಾನೆ, ಹೋಟೆಲ್ ಅಡುಗೆಮನೆ, ಪೂರ್ವ ಹಾರ್ಲೆಮ್‌ನ ಸೋರುವ ಮನೆಗಳು. ಕಸ ಎತ್ತಲು ಪಾಲಿಕೆಯವರು ಬರುತ್ತಿರಲಿಲ್ಲ. 1969ರ ಬೇಸಿಗೆಯಲ್ಲಿ ಯಂಗ್ ಲಾರ್ಡ್ಸ್ ಅನ್ನುವ ಹುಡುಗ ಹುಡುಗಿಯರ ಗುಂಪು ತಾವೇ ಬೀದಿ ಗುಡಿಸಿ, ಆ ಕಸವನ್ನೆಲ್ಲ ರಸ್ತೆ ಮಧ್ಯ ರಾಶಿ ಹಾಕಿ ಬೆಂಕಿ ಇಟ್ಟರು. ಆಮೇಲೆ ಪಾಲಿಕೆಗೆ ಕಣ್ಣು ಕಂಡಿತು.

ಇವತ್ತು ದ್ವೀಪದಲ್ಲಿರುವುದಕ್ಕಿಂತ ಜಾಸ್ತಿ ಪೋರ್ಟೊ ರಿಕೊ ಮೂಲದವರು ಅಮೆರಿಕದ ಉಳಿದ ರಾಜ್ಯಗಳಲ್ಲಿದ್ದಾರೆ. ದ್ವೀಪದಲ್ಲಿ ಇದ್ದರೆ ಅಧ್ಯಕ್ಷರ ಚುನಾವಣೆಗೆ ಮತ ಇಲ್ಲ. ಅದೇ ಮನುಷ್ಯ ಫ್ಲಾರಿಡಾಗೆ ಬಂದು ನೆಲೆಸಿದರೆ ಮತ ಇದೆ. 2017ರ ಮರಿಯಾ ಚಂಡಮಾರುತದಲ್ಲಿ ಸತ್ತವರು 64 ಅಂತ ಸರ್ಕಾರ ತಿಂಗಳುಗಟ್ಟಲೆ ಹೇಳಿತು. ಆಮೇಲೆ ಒಪ್ಪಿಕೊಂಡ ಸಂಖ್ಯೆ 2,975.

ತುಂತುರು

ಎರಡೂ ಉತ್ತರ ಚೆನ್ನಾಗಿವೆ, ತುಂಬ ಕಲಿತೆ. ಆದರೆ ಒಂದು ಮಾತು ಕೇಳಲೇಬೇಕು. ಎಲ್ಲವನ್ನೂ ಅಮೆರಿಕದ ಸಾಮ್ರಾಜ್ಯದ ತಲೆಗೆ ಕಟ್ಟಿದರೆ ಆ ಜನರಿಗೆ ಸ್ವಂತ ಆಸೆ, ಸ್ವಂತ ಲೆಕ್ಕಾಚಾರ ಇರಲಿಲ್ಲ ಅಂದ ಹಾಗೆ ಆಗುವುದಿಲ್ವಾ? ಎಷ್ಟೋ ಜನ ಮಕ್ಕಳ ಓದಿಗೆ ಬಂದಿರುತ್ತಾರೆ, ಅಣ್ಣ ಕರೆದ ಅಂತ ಬಂದಿರುತ್ತಾರೆ. ಸ್ವಂತ ದೇಶದ ಕೆಟ್ಟ ದೊರೆಗಳ ಕಾಟಕ್ಕೆ ಬಂದವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ವೆನೆಜುವೆಲಾ ಬಿಟ್ಟವರು 70 ಲಕ್ಷಕ್ಕೂ ಜಾಸ್ತಿ, ಅವರಲ್ಲಿ ಹೆಚ್ಚಿನವರು ಹೋಗಿದ್ದು ಕೊಲಂಬಿಯಾ, ಪೆರು ಕಡೆಗೆ.

ಇನ್ನೊಂದು. ಆ ಹಿರಿಯರ ಪೂರ್ವಜರು "ಇಲ್ಲೇ ಇದ್ದರು" ಅನ್ನುವುದೂ ಅರ್ಧ ಸತ್ಯ ಅಲ್ವಾ? ಅವರಿಗಿಂತ ಮೊದಲು ಆ ನೆಲ ಪ್ವೆಬ್ಲೊ ಅನ್ನುವ ಮೂಲನಿವಾಸಿ ಜನರದ್ದು. 1680ರಲ್ಲಿ ಪ್ವೆಬ್ಲೊ ಜನ ದಂಗೆ ಎದ್ದು ಸ್ಪೇನಿನವರನ್ನು ಓಡಿಸಿದ್ದರು. ಹನ್ನೆರಡು ವರ್ಷ ಸ್ಪೇನಿನವರಿಗೆ ಒಳಗೆ ಬರಲು ಆಗಲಿಲ್ಲ. ಸ್ಪೇನ್ ಕೂಡ ಸಾಮ್ರಾಜ್ಯವೇ.

ಮುಸ್ಸಂಜೆ

ತುಂತುರು ಅವರೇ, ಎರಡನೆಯ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಮೊದಲನೆಯದು ಅರ್ಧ ಒಪ್ಪುತ್ತೇನೆ. ಮನೆ ಬಿಡುವ ತೀರ್ಮಾನ ಆಯಾ ಮನುಷ್ಯನದೇ. ಆದರೆ ಯಾವ ದಾರಿ ತೆರೆದಿತ್ತು, ಯಾವ ಬಾಗಿಲು ಮುಚ್ಚಿತ್ತು, ದಾರಿ ಯಾರು ಹಾಕಿದ್ದು ಅನ್ನುವುದು ಬೇರೆ ಪ್ರಶ್ನೆ. ಮೂರು ಉದಾಹರಣೆ ಕೊಡುತ್ತೇನೆ, ಮೂರನೆಯದು ಹೊಂಗೆನೆರಳು ಅವರ ಆ ಮಾತಾಡದ ಸಹೋದ್ಯೋಗಿಗೆ ಸಂಬಂಧಿಸಿದ್ದು.

ಮೆಕ್ಸಿಕೊದ ಕೂಲಿಗಳು. 1942ರಲ್ಲಿ ಯುದ್ಧಕ್ಕೆ ಗಂಡಸರು ಹೋದರು, ಹೊಲಕ್ಕೆ ಆಳು ಬೇಕು ಅಂತ ಅಮೆರಿಕ ಸರ್ಕಾರವೇ ಮೆಕ್ಸಿಕೊ ಜೊತೆ ಒಪ್ಪಂದ ಮಾಡಿಕೊಂಡಿತು. ಬ್ರಸೇರೊ ಕಾರ್ಯಕ್ರಮ. ಯುದ್ಧ ಮುಗಿದರೂ ನಿಲ್ಲಿಸಲಿಲ್ಲ, 1964ರವರೆಗೂ ನಡೆಯಿತು. 46 ಲಕ್ಷದಷ್ಟು ಕರಾರುಗಳಾದವು, ಒಬ್ಬರೇ ಹಲವು ಸಲ ಬಂದದ್ದೂ ಇದರಲ್ಲಿ ಸೇರಿದೆ. ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಡಿಡಿಟಿ ಪುಡಿ ಎರಚುತ್ತಿದ್ದರು. ಶುರುವಿನ ವರ್ಷಗಳಲ್ಲಿ ಸಂಬಳದ ಹತ್ತನೇ ಒಂದು ಭಾಗ ಹಿಡಿದುಕೊಂಡು ಊರಿಗೆ ಹೋದಾಗ ಕೊಡುತ್ತೇವೆ ಅಂದರು, ಬಹಳ ಜನರಿಗೆ ಅದು ಕೈಗೆ ಬರಲೇ ಇಲ್ಲ. ಮೊಟುಕು ಹಿಡಿಯ ಗುದ್ದಲಿ ಕೊಡುತ್ತಿದ್ದರು, ಎಲ್ ಕೊರ್ತಿತೊ ಅಂತ ಅದರ ಹೆಸರು. ದಿನವಿಡೀ ಸೊಂಟ ಬಗ್ಗಿಸಿಯೇ ಕೆಲಸ ಮಾಡಬೇಕು, ಎದ್ದು ನಿಂತರೆ ಕೆಲಸ ನಿಲ್ಲಿಸಿದ್ದಾನೆ ಅಂತ ದೂರದಿಂದಲೇ ಮೇಸ್ತ್ರಿಗೆ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ನಿಷೇಧಿಸಿದ್ದು 1975ರಲ್ಲಿ.

ಈಗ ಮುಖ್ಯ ವಿಷಯ. 1965ರ ವಲಸೆ ಕಾನೂನಿಗೆ ಮೊದಲು ಮೆಕ್ಸಿಕೊದಂಥ ಪಕ್ಕದ ದೇಶಗಳಿಗೆ ಸಂಖ್ಯೆಯ ಮಿತಿ ಇರಲಿಲ್ಲ. ಆ ಕಾನೂನು ಅಮೆರಿಕ ಖಂಡದ ದೇಶಗಳಿಗೆಲ್ಲ ಸೇರಿ ವರ್ಷಕ್ಕೆ 1,20,000 ಅಂತ ಮಿತಿ ಹಾಕಿತು, 1968ರಿಂದ ಜಾರಿ. 1976ರಲ್ಲಿ ಒಂದೊಂದು ದೇಶಕ್ಕೆ 20,000 ಅಂತ ಮಾಡಿದರು. ಬ್ರಸೇರೊ ಆಗಲೇ ನಿಂತಿತ್ತು. ಅದೇ ಹೊಲ, ಅದೇ ಮಾಲೀಕ, ಅದೇ ಟೊಮೆಟೊ, ಅದೇ ಕೂಲಿಯವನು. ಅಪ್ಪ ಕರಾರು ಹಿಡಿದು ಬಂದ ದಾರಿಯಲ್ಲೇ ಮಗ ಬಂದರೆ ಕಳ್ಳದಾರಿ ಅನಿಸಿಕೊಂಡ. ಜನ ಬದಲಾಗಲಿಲ್ಲ, ಕಾಗದ ಬದಲಾಯಿತು.

ಇದಕ್ಕೂ ಮುಂಚೆ 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಮೆಕ್ಸಿಕೊ ಮೂಲದವರನ್ನು ಲಾಸ್ ಏಂಜಲೀಸ್‌ನಂಥ ಊರುಗಳಿಂದ ರೈಲು ಹತ್ತಿಸಿ ಕಳಿಸಿದ್ದರು. ಅವರಲ್ಲಿ ದೊಡ್ಡ ಪಾಲು ಅಮೆರಿಕದಲ್ಲೇ ಹುಟ್ಟಿದ ಮಕ್ಕಳು. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕ್ಷಮೆ ಕೇಳುವ ಕಾನೂನು ಮಾಡಿದ್ದು 2005ರಲ್ಲಿ.

ಎರಡನೆಯದು ಡೊಮಿನಿಕನ್ ಗಣರಾಜ್ಯ, ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಸೈನ್ಯ 1916ರಿಂದ 1924ರವರೆಗೆ ಅಲ್ಲಿ ಕೂತಿತ್ತು. ಅದು ತರಬೇತಿ ಕೊಟ್ಟ ಪಡೆಯಿಂದಲೇ ತ್ರುಹಿಯೊ ಮೇಲೆ ಬಂದ, 1930ರಿಂದ 1961ರಲ್ಲಿ ಅವನ ಕೊಲೆ ಆಗುವವರೆಗೂ ಸರ್ವಾಧಿಕಾರಿ. ಅವನ ಕಾಲದಲ್ಲಿ ಪಾಸ್‌ಪೋರ್ಟ್ ಸಿಗುವುದೇ ಕಷ್ಟ. 1965ರಲ್ಲಿ ಮತ್ತೆ ಅಮೆರಿಕದ 20 ಸಾವಿರಕ್ಕೂ ಜಾಸ್ತಿ ಸೈನಿಕರು ಇಳಿದರು. ರಾಜಕೀಯದ ಬಿಸಿ ಕಡಿಮೆಯಾಗಲಿ ಅಂತ ವೀಸಾಗಳನ್ನು ಧಾರಾಳವಾಗಿ ಕೊಟ್ಟರು. 1950ರ ದಶಕಕ್ಕೆ ಹೋಲಿಸಿದರೆ 1960ರ ದಶಕದಲ್ಲಿ ಬಂದವರು ಸುಮಾರು ಒಂಬತ್ತು ಪಟ್ಟು. ನ್ಯೂಯಾರ್ಕಿನ ವಾಷಿಂಗ್ಟನ್ ಹೈಟ್ಸ್ ತುಂಬಿದ್ದು ಹಾಗೆ.

ಮೂರನೆಯದು ಎಲ್ ಸಾಲ್ವಡಾರ್. ಅಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧ. ಸತ್ತವರು ಸುಮಾರು 75 ಸಾವಿರ, ದೇಶ ನೋಡಿದರೆ ಅಂಗೈಯಷ್ಟು. 1980ರ ಮಾರ್ಚ್ 24ರಂದು ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಪೂಜೆ ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದರು. ಹಿಂದಿನ ದಿನವಷ್ಟೇ ಅವರು ಸೈನಿಕರಿಗೆ, ನಿಮ್ಮ ಜನರನ್ನು ಕೊಲ್ಲಬೇಡಿ ಅಂತ ಕೇಳಿಕೊಂಡಿದ್ದರು. 1981ರ ಡಿಸೆಂಬರ್‌ನಲ್ಲಿ ಎಲ್ ಮೊಸೋತೆ ಅನ್ನುವ ಹಳ್ಳಿಯಲ್ಲೂ ಅದರ ಸುತ್ತಲೂ ಅಮೆರಿಕ ತರಬೇತಿ ಕೊಟ್ಟ ತುಕಡಿಯೊಂದು ಸಾವಿರದಷ್ಟು ಜನರನ್ನು ಕೊಂದಿತು, ಅವರಲ್ಲಿ ನೂರಾರು ಮಂದಿ ಮಕ್ಕಳು. ಆ ಸರ್ಕಾರಕ್ಕೆ ಯುದ್ಧದ ಉದ್ದಕ್ಕೂ ಅಮೆರಿಕದ ನೆರವು ಸರಾಸರಿ ದಿನಕ್ಕೆ 10 ಲಕ್ಷ ಡಾಲರಿಗೂ ಜಾಸ್ತಿ.

ಜೀವ ಹಿಡಿದುಕೊಂಡು ಓಡಿ ಬಂದವರು ಆಶ್ರಯ ಕೇಳಿದರು. 1984ರಲ್ಲಿ ಸಾಲ್ವಡಾರ್‌ನವರ ಅರ್ಜಿಗಳಲ್ಲಿ ನೂರಕ್ಕೆ ಮೂರು ಕೂಡ ಒಪ್ಪಿಗೆ ಆಗಲಿಲ್ಲ. ಒಪ್ಪಿದರೆ, ನಾವು ದುಡ್ಡು ಕೊಡುವ ಸರ್ಕಾರವೇ ಕೊಲ್ಲುತ್ತಿದೆ ಅಂತ ಒಪ್ಪಿಕೊಂಡ ಹಾಗೆ. ಅದೇ ಹೊತ್ತಿಗೆ ಕ್ಯೂಬಾದಿಂದ ಬಂದವರಿಗೆ 1966ರ ಕಾನೂನಿನ ಪ್ರಕಾರ ಸ್ವಲ್ಪ ಕಾಲ ಇದ್ದರೆ ಸಾಕು, ಕಾಯಂ ನೆಲೆಗೆ ದಾರಿ ಇತ್ತು. 1980ರಲ್ಲಿ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ಬಂದರು. ಕ್ಯೂಬಾದವರಿಗೆ ಸಿಕ್ಕಿದ್ದು ತಪ್ಪು ಅನ್ನುತ್ತಿಲ್ಲ. ಓಡಿ ಬಂದವನ ಕಷ್ಟ ಅಳೆಯುವ ತಕ್ಕಡಿ ಎರಡು ಇದ್ದವು ಅಂತ ಹೇಳುತ್ತಿದ್ದೇನೆ.

ರೊಮೆರೊ ತೀರಿಕೊಂಡ ಎರಡನೇ ವರ್ಷದ ದಿನವೇ, 1982ರ ಮಾರ್ಚ್ 24ರಂದು, ಅರಿಜೋನಾದ ಟೂಸಾನ್ ಊರಿನ ಒಂದು ಚರ್ಚು ಬಹಿರಂಗವಾಗಿ ಇವರಿಗೆ ಆಸರೆ ಕೊಡುತ್ತೇವೆ ಅಂತ ಸಾರಿತು. ಆಮೇಲೆ ನೂರಾರು ಚರ್ಚುಗಳು, ಯಹೂದಿ ಮಂದಿರಗಳು ಸೇರಿಕೊಂಡವು. ಸರ್ಕಾರ ಅವರ ಮೇಲೆ ಕೇಸು ಹಾಕಿತು. ಅವರು ಸರ್ಕಾರದ ಮೇಲೆ ಹಾಕಿದರು. 1991ರಲ್ಲಿ ಸರ್ಕಾರ ರಾಜಿಗೆ ಬಂದು, ತಿರಸ್ಕರಿಸಿದ್ದ ಸಾಲ್ವಡಾರ್, ಗ್ವಾಟೆಮಾಲಾ ಅರ್ಜಿಗಳನ್ನು ಮತ್ತೆ ನೋಡಲು ಒಪ್ಪಿತು. ತುಂತುರು ಅವರೇ, ಈ ಜನ ಸುಮ್ನೆ ಗಾಳಿಗೆ ತೂರಿ ಬಂದವರಲ್ಲ ಅನ್ನುವ ನಿಮ್ಮ ಮಾತಿಗೆ ನನ್ನ ಪುರಾವೆಯೂ ಇದೇ.

ಹೊಂಗೆನೆರಳು ಅವರೇ, ನಿಮ್ಮ ಆ ಸಹೋದ್ಯೋಗಿಯನ್ನು ದಯವಿಟ್ಟು ಈ ಬಗ್ಗೆ ನೀವಾಗಿ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಅಕ್ಷರದಾರಿ

ಹೆಸರಿನ ಬಗ್ಗೆ ಕೇಳಿದ್ದೀರಲ್ಲ, ಅದನ್ನು ಯಾರೂ ಮುಟ್ಟಿಲ್ಲ.

1930ರ ಜನಗಣತಿಯಲ್ಲಿ ಮೆಕ್ಸಿಕನ್ ಅನ್ನುವುದನ್ನು ಒಂದು ಜನಾಂಗ ಅಂತಲೇ ಬರೆದರು. ಮುಂದಿನ ಗಣತಿಯಲ್ಲಿ ತೆಗೆದರು. ಹಿಸ್ಪ್ಯಾನಿಕ್ ಮೂಲವೇ ಅಂತ ಎಲ್ಲರನ್ನೂ ಕೇಳಲು ಶುರು ಮಾಡಿದ್ದು 1980ರಲ್ಲಿ. ಅದಕ್ಕೆ ಮೊದಲು ಟೆಕ್ಸಸ್‌ನ ತೆಹಾನೊ, ಬ್ರಾಂಕ್ಸ್‌ನ ಪೋರ್ಟೊ ರಿಕೊದವರು, ಮಯಾಮಿಯ ಕ್ಯೂಬಾದವರು ತಾವೆಲ್ಲ ಒಂದೇ ಅಂತ ಅಂದುಕೊಂಡಿದ್ದೇ ಕಡಿಮೆ. ಆದರೆ ಎಣಿಕೆಗೆ ಬಾರದಿದ್ದರೆ ಶಾಲೆಗೆ ದುಡ್ಡು ಬರುವುದಿಲ್ಲ, ತಾರತಮ್ಯ ಆಗಿದೆ ಅಂತ ಸಾಬೀತು ಮಾಡಲೂ ಆಗುವುದಿಲ್ಲ ಅಂತ ಈ ಸಮುದಾಯಗಳ ಹೋರಾಟಗಾರರೇ ಆ ಕಾಲಂಗೆ ಒತ್ತಾಯ ಮಾಡಿದರು. ಹಾಗಾಗಿ ಅದು ಬರೀ ಮೇಲಿನಿಂದ ಬಿದ್ದ ಹೆಸರಲ್ಲ. 2020ರ ಗಣತಿಯಲ್ಲಿ ಈ ಕಾಲಂನಲ್ಲಿ ಇದ್ದವರು 6 ಕೋಟಿ 21 ಲಕ್ಷ.

ಲ್ಯಾಟಿನೊ ಅಂದರೆ ಗಂಡು, ಲ್ಯಾಟಿನಾ ಅಂದರೆ ಹೆಣ್ಣು. ಎರಡಕ್ಕೂ ಸೇರದವರಿಗೂ ಜಾಗ ಇರಲಿ ಅಂತ ಬಂದದ್ದು ಲ್ಯಾಟಿನ್ಎಕ್ಸ್. 2019ರ ಕೊನೆಗೆ ಪ್ಯೂ ಅನ್ನುವ ಸಮೀಕ್ಷೆ ಸಂಸ್ಥೆ ಕೇಳಿದಾಗ ತಮ್ಮನ್ನು ಹಾಗೆ ಕರೆದುಕೊಳ್ಳುವವರು ನೂರಕ್ಕೆ ಮೂರು ಮಾತ್ರ. ಸ್ಪ್ಯಾನಿಷ್ ಬಾಯಿಗೆ ಆ ಎಕ್ಸ್ ಹೊಂದುವುದಿಲ್ಲ ಅಂತ ಕೆಲವರು ಲ್ಯಾಟಿನೆ ಅನ್ನುತ್ತಾರೆ. ನನ್ನ ಅಭಿಪ್ರಾಯ, ಎದುರಿಗಿರುವವರು ತಮ್ಮನ್ನು ಏನಂತಾರೋ ಅದನ್ನೇ ಅನ್ನಿ.

ತುಂತುರು ಅವರ ಸ್ಪೇನ್ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ, ಯಾಕೆಂದರೆ ಇದು ಬಹಳ ಕಡೆ ಬಿಟ್ಟುಹೋಗುತ್ತದೆ. ಗ್ವಾಟೆಮಾಲಾದಿಂದ ಬರುವ ಎಷ್ಟೋ ಜನರ ಮನೆಮಾತು ಸ್ಪ್ಯಾನಿಷ್ ಅಲ್ಲ. ಮಾಮ್, ಕಿಚೆ, ಕಂಜೊಬಾಲ್, ಎಲ್ಲ ಮಾಯಾ ಭಾಷೆಗಳು. ಅಲ್ಲಿ 1954ರಲ್ಲಿ ಭೂಮಿ ಹಂಚುತ್ತಿದ್ದ ಅರ್ಬೆನ್ಸ್ ಸರ್ಕಾರವನ್ನು ಸಿಐಎ ಉರುಳಿಸಿತು. 1960ರಿಂದ 36 ವರ್ಷ ಯುದ್ಧ ನಡೆದು ಸುಮಾರು 2 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಗುರುತು ಸಿಕ್ಕಿದವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನ. ಅಂಥವರು ವಲಸೆ ಕೋರ್ಟಿನಲ್ಲಿ ನಿಂತಾಗ ಸ್ಪ್ಯಾನಿಷ್ ದುಭಾಷಿಯನ್ನು ಕೊಟ್ಟು, ಏನೂ ಅರ್ಥವಾಗದೆ ತಲೆಯಾಡಿಸಿದ ಸಂದರ್ಭಗಳಿವೆ. ಅವರಿಗೆ ಹಿಸ್ಪ್ಯಾನಿಕ್ ಅನ್ನುವ ಹೆಸರೇ ಹಳೆಯ ದೊರೆಯ ಹೆಸರು.

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಗರಿಫುನಾ ಜನ ಇದ್ದಾರೆ, ಹೊಂಡುರಾಸ್ ಕಡೆಯ ಕಪ್ಪು ಜನ. ಅವರ ಹಿರಿಯರನ್ನು 1797ರಲ್ಲಿ ಬ್ರಿಟಿಷರು ಸೇಂಟ್ ವಿನ್ಸೆಂಟ್ ದ್ವೀಪದಿಂದ ಹಡಗಿಗೆ ತುಂಬಿ ಹೊಂಡುರಾಸ್ ಕರಾವಳಿಯ ರೊವಾಟಾನ್ ದ್ವೀಪದಲ್ಲಿ ಇಳಿಸಿಹೋದರು. ಬ್ರಿಟನ್, ಸ್ಪೇನ್, ಅಮೆರಿಕ, ಮೂರರ ಗುರುತೂ ಒಂದೇ ಮನೆಯ ಮೇಲೆ.

ನ್ಯೂ ಮೆಕ್ಸಿಕೊದಲ್ಲೇ ಹೆನಿಸರೊ ಅನ್ನುವವರ ಬಗ್ಗೆ ಹುಡುಕಿ ನೋಡಿ. ಸೆರೆಸಿಕ್ಕ, ಮಾರಾಟವಾದ ಮೂಲನಿವಾಸಿ ಮಕ್ಕಳು ಸ್ಪ್ಯಾನಿಷ್ ಮನೆಗಳಲ್ಲಿ ಆಳುಗಳಾಗಿ ಬೆಳೆದು, ಆಮೇಲೆ ಅವರದೇ ಊರುಗಳಾದವು. ಅಬಿಕ್ಯೂ ಊರಿನ ಭೂಮಿ ದಾನ 1754ರದ್ದು, ಕೊಟ್ಟಿದ್ದು ಅವರಿಗೇ. ಕಸಿದವರ ವಂಶ, ಕಳೆದುಕೊಂಡವರ ವಂಶ ಅಂತ ಗೆರೆ ಹಾಕಲು ಹೋದರೆ ಒಂದೇ ಮನೆಯೊಳಗೆ ಹಾಕಬೇಕಾಗುತ್ತದೆ.

ಹೊಂಗೆನೆರಳು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎರಡು ದಿನ ಕೂತು ಓದಿದೆ, ನಕ್ಷೆ ತೆಗೆದಿಟ್ಟುಕೊಂಡು ಓದಿದೆ.

ನಿನ್ನೆ ಆ ಹಿರಿಯರ ಹತ್ತಿರ ಹೋಗಿ, ನಾನು ಕೇಳಿದ ರೀತಿ ಸರಿ ಇರಲಿಲ್ಲ ಅಂದೆ. "ನಿಮ್ಮ ಊರಿಗೂ ಊರೊಟ್ಟಿನ ಭೂಮಿ ಇತ್ತಾ?" ಅಂತ ಕೇಳಿದೆ. ಅವರ ಮುಖವೇ ಬದಲಾಯಿತು. ಒಂದು ಗಂಟೆ ಮಾತಾಡಿದರು. ಗುಡ್ಡ ಹೋಯಿತಂತೆ, ಕಾಲುವೆ ಮಾತ್ರ ಉಳಿದಿದೆಯಂತೆ. ಆಸೆಕಿಯಾ ಅಂತಾರೆ. ಸ್ಪೇನಿಗೆ ಅರಬರು ತಂದ ಪದ ಅಂತಲೂ ಅವರೇ ಹೇಳಿದರು. ಇವತ್ತಿಗೂ ಊರಿನವರೇ ನೀರುಗಂಟಿಯನ್ನು ಆರಿಸುತ್ತಾರೆ, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಅಂತ ಅವನೇ ಹೇಳುವುದು. ಅವರ ತಾಯಿಯ ಕಡೆಯವರು ಅಬಿಕ್ಯೂನವರಂತೆ. ಅಕ್ಷರದಾರಿ ಅವರೇ, ಅದನ್ನು ಕೇಳಿದಾಗ ನಿಮ್ಮ ನೆನಪಾಯಿತು.

ಸಾಲ್ವಡಾರ್‌ನ ಸಹೋದ್ಯೋಗಿಯನ್ನು ಏನೂ ಕೇಳಿಲ್ಲ. ಮುಸ್ಸಂಜೆ ಅವರು ಹೇಳಿದ ಹಾಗೆ ಸುಮ್ಮನಿದ್ದೇನೆ. ಇವತ್ತು ಊಟಕ್ಕೆ ಅವರೇ ಬಂದು ನನ್ನ ಪಕ್ಕ ಕೂತರು. ಹವಾಮಾನದ ಮಾತಾಡಿದೆವು.

ಮಾರ್ಚ್‌ನಲ್ಲಿ ನೀರು ಬಿಡುವ ಮುಂಚೆ ಕಾಲುವೆ ಹೂಳು ತೆಗೆಯಲು ಪ್ರತಿ ಮನೆಯಿಂದ ಒಬ್ಬರು ಬರಬೇಕಂತೆ. ಹಿರಿಯರ ಮಗ ಈ ಸಲ ಊರಲ್ಲಿ ಇರುವುದಿಲ್ಲ. ನಾನು ಬರಲಾ ಅಂತ ಕೇಳಿದೆ. ಬೆಳಿಗ್ಗೆ ಏಳಕ್ಕೆ ಬಾ, ಸಲಿಕೆ ನೀನೇ ತಾ ಅಂದರು.